ಲಾಳಿಗಲ್ಲು

ನಮ್ಮ ಊರಿನಲ್ಲಿ ಸಂತೆ ನೆರೆಯುವುದು ಬಿಸಿಲಿದ್ದ ದಿನ ಮಾತ್ರ. ಮೋಡ ಕವಿದರೆ ಯಾರೂ ಏನನ್ನೂ ಕೊಳ್ಳುವುದಿಲ್ಲ. ಗಡಿಗೆಯಾಗಲಿ, ಹಗ್ಗವಾಗಲಿ, ಕಂಬಳಿಯಾಗಲಿ, ಮೊದಲು ಅದನ್ನು ಬಿಸಿಲಿಗೆ ಹಿಡಿದು ನೆಲ ನೋಡಬೇಕು. ನೆರಳು ಬಿದ್ದರೆ ಮಾತು ಮುಂದುವರಿಸಬಹುದು. ಬೀಳದಿದ್ದರೆ ಅದು ಊಹೆಯ ಮೇಲೆ ಮಾಡಿದ್ದು, ಹೇಳಿ ಮಾಡಿಸಬೇಕಾದವರ ಮಾತು ಇನ್ನೂ ಬಂದಿಲ್ಲ ಎಂದು ಅರ್ಥ. ಮಾತು ಊಹಿಸಿದಂತೆಯೇ ಬಂದರೆ ಆ ಗಳಿಗೆಯಲ್ಲೇ ನೆರಳು ಬೀಳುತ್ತದೆ. ಬೇರೆ ಬಂದರೆ ಗಡಿಗೆ ಮಣ್ಣಾಗುತ್ತದೆ, ಹಗ್ಗ ನಾರಾಗುತ್ತದೆ. ನೆಂಟರು ಬರುತ್ತಾರೆಂದು ಬಡಿದ ರೊಟ್ಟಿ, ನೆಂಟರು ಬಾರದಿದ್ದರೆ ಬುಟ್ಟಿಯಲ್ಲೇ ಹಿಟ್ಟಾಗಿ ಕೂತಿರುತ್ತದೆ. ಹೋದದ್ದು ದುಡಿದ ಹೊತ್ತು ಮಾತ್ರ, ಮಣ್ಣು, ನಾರು, ಹಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ನಮ್ಮವರಿಗೆ ಮುಂಚಿತವಾಗಿ ಮಾಡಲು ಹೆದರಿಕೆಯಿಲ್ಲ. ಒಬ್ಬರು ಮಗನಿಗೆ ಹೆಣ್ಣು ಗೊತ್ತಾಗುವ ಮೊದಲೇ ಬೇರೆ ಮನೆ ಕಟ್ಟಿಸಿದ್ದರು. ಒಂದು ಬೇಸಿಗೆಯಿಡೀ ಆ ಗೋಡೆಯ ಪಕ್ಕ ನಾಯಿ ಕೂಡ ಮಲಗಲಿಲ್ಲ.

ನಾವು ಕಂಬಳಿ ನೇಯುವವರು. ನಮ್ಮದು ಮೇಲಿನ ಓಣಿ. ಕೆರೆಯ ಕಡೆಗಿರುವುದು ಕೆಳಗಿನ ಓಣಿ. ಎರಡರಲ್ಲೂ ಮನೆಗೊಂದು ಕುಣಿಮಗ್ಗ, ನೆಲದ ಗುಂಡಿಗೆ ಕಾಲಿಳಿಸಿ ಕೂತು ನೇಯುವಂಥದ್ದು. ಕಂಬಳಿ ಹೇಳಿ ಮಾಡಿಸುವವರು ನಮ್ಮಲ್ಲಿ ಪಟ್ಟಿಗಳ ಬಣ್ಣವನ್ನೆಲ್ಲ ಒಂದೇ ಸಲ ಹೇಳುವುದಿಲ್ಲ. ಮೊದಲ ಗೇಣಿಗೆ ಕರಿ ಎಂದು ಹೇಳಿ ಹೋಗುತ್ತಾರೆ. ಮುಂದಿನದು ಬಿಳಿಯೋ ಬೂದು ಬಣ್ಣವೋ ಎಂಬುದನ್ನು ಮನೆಯಲ್ಲಿ ಮಾತಾಡಿ, ಹಿರಿಯರನ್ನು ಕೇಳಿ, ನಾಲ್ಕು ದಿನ ಬಿಟ್ಟು ಹೇಳಿ ಕಳಿಸುತ್ತಾರೆ. ಅಲ್ಲಿಯವರೆಗೆ ಕೈಕಟ್ಟಿ ಕೂತರೆ ಒಂದು ಕಂಬಳಿಗೆ ಒಂದು ವರ್ಷ ಬೇಕು. ಹಾಗಾಗಿ ಊಹಿಸಿ ನೇಯುತ್ತೇವೆ. ಆ ಮನೆತನದ ಗುಣ ಬಲ್ಲವರಿಗೆ ಹತ್ತರಲ್ಲಿ ಎಂಟು ಸಲ ಊಹೆ ತಪ್ಪುವುದಿಲ್ಲ. ಬೆಳಗಿನ ಬಿಸಿಲು ಕಿಟಕಿಯಿಂದ ಬಿದ್ದಾಗ ನೋಡಿದರೆ, ಹೇಳಿ ಮುಗಿದಷ್ಟು ಬಟ್ಟೆಗೆ ನೆರಳಿರುತ್ತದೆ, ಊಹೆಯದಕ್ಕೆ ಇರುವುದಿಲ್ಲ. ನೆರಳು ಹೋಗಿ ನಿಲ್ಲುವ ಜಾಗಕ್ಕೆ ಮಾತಿನ ಗೆರೆ ಎನ್ನುತ್ತೇವೆ.

ಇದಕ್ಕೆಲ್ಲ ಒಂದೇ ತೊಡಕು ಕೆರೆಯ ಜಾಗಟೆ. ಏರಿ ಹಳೆಯದು. ನೀರು ಮೇಲೆ ಬಂದಾಗ ಕಾವಲಿನವನು ಜಾಗಟೆ ಬಾರಿಸುತ್ತಾನೆ. ಕೈಕಾಲು ಗಟ್ಟಿ ಇದ್ದವರೆಲ್ಲ ಕೆಲಸ ಇದ್ದಲ್ಲೇ ಬಿಟ್ಟು ಕಲ್ಲು, ಮಣ್ಣು ಹೊರಲು ಓಡಬೇಕು. ಊಟಕ್ಕೋ ನೀರಿಗೋ ನಾವಾಗಿ ಎದ್ದು ಹೋದರೆ ಮಗ್ಗದ ಮೇಲಿನ ಊಹೆ ಹಾಗೆಯೇ ಇರುತ್ತದೆ. ಜಾಗಟೆ ಎಬ್ಬಿಸಿದರೆ ಇರುವುದಿಲ್ಲ. ಊಹೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡದ್ದು ಮಾತಿನ ಗೆರೆಗೆ ಬಂದು ನಿಲ್ಲದೆ, ಹೇಳಿದಂತೆ ನೇಯ್ದದ್ದನ್ನೂ ಎಳೆದುಕೊಂಡು ಮೊದಲ ಎಳೆಯವರೆಗೆ ಹೋಗುತ್ತದೆ. ವಾಪಸು ಬಂದು ನೋಡಿದರೆ ಕುಣಿಯ ತುಂಬ ಉಣ್ಣೆ. ಮಳೆಗಾಲದಲ್ಲಿ ಊಹೆ ನೇಯಬೇಡಿ ಎಂದು ಹಿರಿಯರು ಹೇಳಿ ನೋಡಿದರು. ಆದರೆ ಜನರಿಗೆ ಕಂಬಳಿ ಬೇಕಾಗುವುದೇ ಮಳೆಗಾಲದಲ್ಲಿ. ಕಡೆಗೆ ನೇಯುವವರು ಬೇರೆ ದಾರಿ ಹಿಡಿದರು. ಜಾಗಟೆ ಕೇಳಿಸಲಿಲ್ಲವೆಂಬಂತೆ ಕೂತುಬಿಡುವುದು.

ನಾನೂ ಕೂತಿದ್ದೆ. ನಾಲ್ಕು ಮಳೆಗಾಲದ ಹಿಂದಿನ ಮಾತು. ನಲವತ್ತು ದಿನದ ಕಂಬಳಿ ಮಗ್ಗದ ಮೇಲಿತ್ತು. ಜಾಗಟೆ ಕೇಳಿತು. ನನ್ನ ಗಂಡ ದ್ಯಾಮಣ್ಣ ಉಣ್ಣೆ ಹಿಂಜುವುದನ್ನು ಬಿಟ್ಟು ಎದ್ದ. "ಬರ್ತೀಯೇನು?" ಎಂದ. "ಈ ಪಟ್ಟಿ ಮುಗಿಸಿ ಬರ್ತೀನಿ," ಎಂದೆ. ಮುಗಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆ ದಿನ ಏರಿಯ ಮೇಲೆ ಇದ್ದವರು ಹನ್ನೊಂದು ಮಂದಿ. ದೊಡ್ಡ ಕಲ್ಲೊಂದನ್ನು ಹಗ್ಗ ಕಟ್ಟಿ ಇಳಿಸುವಾಗ ಹಗ್ಗ ಹಿಡಿಯಲು ಕೈ ಸಾಲದೆ ಕಲ್ಲು ಜಾರಿತು. ದ್ಯಾಮಣ್ಣನನ್ನು ಮಂಚದ ಮೇಲೆ ಹೊತ್ತು ತಂದಾಗ ನಾನಿನ್ನೂ ಕುಣಿಯಲ್ಲಿ ಕೂತಿದ್ದೆ. ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಮತ್ತೆ ನೆಟ್ಟಗಾಗಲಿಲ್ಲ. ಒಂದು ಸಲವೂ ಅವನು ನನ್ನನ್ನು ಅಂದವನಲ್ಲ. ನಾನೇ ಅತ್ತರೆ, "ಇದೇನು ಊಹೆಯ ಮ್ಯಾಲ ಮುರದದ್ದಲ್ಲ ಬಿಡು, ಹಿಂದಕ್ಕ ಹೋಗಂಗಿಲ್ಲ. ಬೇಕಾದ್ರ ನೆರಳು ನೋಡು," ಎಂದು ಕಾಲನ್ನು ಬಿಸಿಲಿಗೆ ಚಾಚುತ್ತಿದ್ದ.

ಅಲ್ಲಿಂದ ಮುಂದೆ ಪ್ರತಿ ಜಾಗಟೆಗೂ ಎದ್ದೆ. ಪ್ರತಿ ಸಲವೂ ಏನಾದರೊಂದು ಮಾಡಿ ಎದ್ದೆ. ಮಾತಿನ ಗೆರೆಯ ಮೇಲೆ ಕಲ್ಲು ಹೇರಿ ನೋಡಿದೆ. ಹುಣಸೆಬೀಜದ ಗಂಜಿ ಬಳಿದು ನೋಡಿದೆ. ದ್ಯಾಮಣ್ಣನನ್ನು ನನ್ನ ಜಾಗದಲ್ಲಿ ಕೂರಿಸಿ ಹೋದೆ. ಮಗ್ಗ ಅವನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ, ಅವನ ಮಡಿಲಲ್ಲೇ ಕಂಬಳಿ ಉಣ್ಣೆಯಾಯಿತು. ಎರಡು ಮಳೆಗಾಲದಲ್ಲಿ ಹನ್ನೊಂದು ಕಂಬಳಿ ಹೋದವು. ಹನ್ನೆರಡನೆಯದಕ್ಕೆ ಮಾತಿನ ಗೆರೆಯುದ್ದಕ್ಕೂ, ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳಲ್ಲಿ ಒಂದು ಕೆಂಪು ದಾರ ಪೋಣಿಸಿಟ್ಟಿದ್ದೆ. ಹೊಸ ಮಾತು ಬಂದಂತೆ ಅದನ್ನು ಮುಂದಕ್ಕೆ ಸರಿಸುತ್ತಿದ್ದೆ. ಜಾಗಟೆಯಾದ ಕೂಡಲೇ ದಾರವನ್ನು ಒಂದೇ ಸೆಳೆತಕ್ಕೆ ಹೊರಗೆಳೆದೆ. ಊಹೆಯಷ್ಟೂ ಕಣ್ಣೆದುರೇ ಉದುರಿತು, ಗೆರೆಗೆ ಬಂದು ನಿಂತಿತು. ಸಂಜೆ ಬಂದು ನೋಡಿದರೂ ನಿಂತಿತ್ತು. ನಾನು ಮಗ್ಗದ ಮುಂದೆ ಒದ್ದೆ ಸೀರೆಯಲ್ಲೇ ಕೂತೆ. ದ್ಯಾಮಣ್ಣ ಕುಂಟುತ್ತ ಬಂದು ನೋಡಿ, "ಇನ್ನ ನೀ ಮನ್ಯಾಗ ಇರಾಕಿ ಅಲ್ಲ," ಎಂದ.

ನಮ್ಮ ಓಣಿಯವರಿಗೆ ಹೇಳಿಕೊಟ್ಟೆ. ಮೊದಲು ಕಲಿತವಳು ನನ್ನ ನಾದಿನಿ ಕೆಂಚವ್ವ, ಆಮೇಲೆ ಐದು ಮನೆಯವರು. ಎಲ್ಲರಿಗೂ ಸರಿಯಾಗಿ ಬಂತು. ಆದರೆ ಕೆಳಗಿನ ಓಣಿಯವರು ಒಪ್ಪಲಿಲ್ಲ. ಚಾವಡಿ ಒಪ್ಪದ ಕೆಲಸವನ್ನು ನಂಬಿ ತಿಂಗಳ ದುಡಿಮೆಯನ್ನು ದಾರಕ್ಕೆ ಕಟ್ಟುವವರು ಯಾರು. ಏರಿಗೆ ಹತ್ತಿರವಿದ್ದವರು ಅವರೇ, ಮಗ್ಗ ಹೆಚ್ಚಿದ್ದದ್ದೂ ಅಲ್ಲೇ. ಅವರು ಏಳದಿದ್ದರೆ ನಾವು ಏಳು ಮನೆಯವರು ಎದ್ದು ಏನಾಗಬೇಕು. ಅದಕ್ಕೇ ನಾನು ಚಾವಡಿಗೆ ಹೋದೆ.

ನಮ್ಮ ಊರಿನಲ್ಲಿ ಯಾರಾದರೂ ಹೊಸ ಕೆಲಸ ಕಂಡುಹಿಡಿದರೆ ಹಕ್ಕಿನ ಚಾವಡಿಯಲ್ಲಿ ಅದನ್ನು ಬರೆದುಕೊಡಬೇಕು. ತಮ್ಮ ಕೈಯಲ್ಲೇ ಬರೆಯಬೇಕು. ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದಿದ್ದಾರೆ: ಇದನ್ನು ಓದಿ ಕಸಬು ಬಲ್ಲ ಇನ್ನೊಬ್ಬನು ಮಾಡಬಲ್ಲನಾದರೆ ಇದು ನಿನ್ನದು. ಹೇಳಿಕೊಡದೆ, ತೋರಿಸದೆ, ಬರೀ ಕಾಗದ ಓದಿ ಅವನು ಮಾಡಬೇಕು. ಮೂರು ಸಲ ಅವಕಾಶ. ಗೆದ್ದರೆ ಕಾಗದವನ್ನು ಚಾವಡಿಯ ಗೋಡೆಗೆ ಹಾಕುತ್ತಾರೆ, ಊರಿಗೆಲ್ಲ ಅದು ತೆರೆದದ್ದು. ಬಳಸುವವರು ಹನ್ನೆರಡು ವರ್ಷ, ವರ್ಷಕ್ಕೊಂದು ದಿನ, ಕಂಡುಹಿಡಿದವರ ಮನೆಗೆ ಬಂದು ಕೆಲಸ ಮಾಡಿಕೊಡಬೇಕು. ಮೂರು ಸಲವೂ ಬಿದ್ದರೆ ಕಾಗದವನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಾರೆ. ಹನ್ನೆರಡು ವರ್ಷ ಆ ಕೆಲಸವನ್ನು ಯಾರೂ ಬರೆದು ತರುವಂತಿಲ್ಲ, ಯಾರೂ ಮಾಡುವಂತಿಲ್ಲ, ನಾನೂ ಸೇರಿ.

ಪರೀಕ್ಷೆ ಮಾಡುವ ಚನ್ನಬಸಯ್ಯನವರು ವಯಸ್ಸಾದವರು, ನಿಧಾನಸ್ಥರು. ಕಾಗದವನ್ನು ಮೂರು ಸಲ ಓದಿದರು. "ಯವ್ವಾ ಹಾಲವ್ವಾ, ಜಾಗಟಿಗೆ ಸುಳ್ಳು ಹೇಳಸೂ ಹಂಗಿಲ್ಲ. ಖರೆ ಜಾಗಟಿ ಆಗೂ ಮಟ ಕಾಯಬೇಕು. ತಾಳ್ಮಿ ಐತೇನು?" ಎಂದರು.

"ಹನ್ನೊಂದು ಕಂಬಳಿ ಕಳಕೊಂಡೀನ್ರೀ ಅಯ್ನೋರ," ಎಂದೆ.

"ಹಂಗಾರ ಐತಿ."

ಓದಿ ಮಾಡಲು ಕೆಳಗಿನ ಓಣಿಯ ಮೈಲಾರಿಯನ್ನು ಗೊತ್ತು ಮಾಡಿದರು. ಮೂವತ್ತರ ಆಸುಪಾಸಿನವನು, ಕೈ ಚುರುಕು, ಓದು ಚೆನ್ನಾಗಿ ಬರುತ್ತಿತ್ತು. ಚಾವಡಿಯ ಒಳಕೋಣೆಯ ಮಗ್ಗದಲ್ಲಿ ಅವನು ತನಗೆ ಬಂದ ಕಂಬಳಿ ನೇಯುವುದು, ಜಾಗಟೆಯಾದರೆ ಕಾಗದದಲ್ಲಿದ್ದಂತೆ ಮಾಡಿ ಏಳುವುದು. ನಾನು ಹೊರಗಿನ ಕಟ್ಟೆಯ ಮೇಲೆ ಕೂರಬೇಕು. ಮಗ್ಗದ ಸದ್ದು ಕೇಳಬಹುದು, ನೋಡುವಂತಿಲ್ಲ. ಪರೀಕ್ಷೆ ಮುಗಿಯುವವರೆಗೆ ನಾನೂ ಅವನೂ ಮಾತು ಬಿಡಬೇಕು. ಬೀದಿಯಲ್ಲಿ ಎದುರಾದರೆ ಜಗಳವಾಡಿದ ಬೀಗರಂತೆ ಮುಖ ತಿರುಗಿಸಿ ಹೋಗುತ್ತಿದ್ದೆವು.

ಮೊದಲ ಕಾಗದದಲ್ಲಿ ನಾನು ಒಂದನ್ನು ಮುಚ್ಚಿಟ್ಟಿದ್ದೆ. ಕೆಂಪು ದಾರಕ್ಕೆ ಎಡಕ್ಕೆ ಹುರಿ ಹಾಕಬೇಕು. ಬಲಕ್ಕೆ ಹುರಿ ಹಾಕಿದರೆ ಸೆಳೆಯುವಾಗ ಹಾಸಿನ ಎಳೆಗೆ ತೊಡರುತ್ತದೆ. ಅದನ್ನು ಬರೆಯಬೇಡ ಎಂದವಳು ಕೆಂಚವ್ವ. "ಒಂದರ ಇಟ್ಕೋ ಅತ್ತಿಗಿ. ಎಲ್ಲಾ ಬರದು ಗ್ವಾಡಿಗೆ ಹಚ್ಚಿದ ಮ್ಯಾಲ ನಿನ್ನ ಮನಿ ಬಾಗಲಕ ಯಾರ ಬರ್ತಾರ?" ಎಂದಿದ್ದಳು. ಅವಳ ಮಾತು ಹಿತವಾಗಿತ್ತು, ಕೇಳಿದೆ. ಆರನೆಯ ದಿನ ಜಾಗಟೆಯಾಯಿತು. ಎಲ್ಲರೂ ಏರಿಗೆ ಹೋಗಿ ಬಂದೆವು. ಮೈಲಾರಿಯ ಕಂಬಳಿ ಮೊದಲ ಎಳೆಯವರೆಗೂ ಉಣ್ಣೆಯಾಗಿತ್ತು.

ಮರುದಿನ ಬೀದಿಯಲ್ಲಿ ಅವನು ತನ್ನ ಟಗರನ್ನು ಹಿಡಿದುಕೊಂಡು ಎದುರಾದ. ನನ್ನ ಕಡೆ ನೋಡಲಿಲ್ಲ. ಟಗರಿನ ಕಿವಿ ಹಿಡಿದು, "ನಿನಗೊಂದು ಮಾತು ಹೇಳ್ತೀನಿ ಕೇಳು," ಎಂದ. "ಕಾಗದ ಓದಾಕ ಬರೋಬ್ಬರಿ ಐತಿ. ಮಾಡಾಕ ಹೋದ್ರ ಮೈಮ್ಯಾಲಿನ ಉಣ್ಣಿನೂ ಉಳಿಯಂಗಿಲ್ಲ. ಮ್ಯಾಲಿನ ಓಣಿ ಕಡೆ ಹಾಯಬ್ಯಾಡ ನೀನು."

ನಾನು ಚನ್ನಬಸಯ್ಯನವರ ಹತ್ತಿರ, ಅವನಿಗೆ ದಾರ ಸೆಳೆಯಲು ಬರಲಿಲ್ಲವೇನೋ ಎಂದೆ. ಅವರು ಕಾಗದವನ್ನು ನನ್ನ ಮುಂದಿಟ್ಟರು. "ಅವ ನೀ ಬರದಷ್ಟ ಮಾಡ್ಯಾನ. ಕಡಿಮಿ ಮಾಡಿಲ್ಲ, ಹೆಚ್ಚು ಮಾಡಿಲ್ಲ. ಬರೀಲಾರದ್ದು ಏನರ ಐತೇನು?" ಎಂದು ಕೇಳಿದರು. ಲೇಖನಿಯನ್ನು ನನ್ನ ಕಡೆ ಸರಿಸಿದರು. ಎಡ ಹುರಿಯ ವಿಷಯ ಹೇಳಿದೆ. "ಬರಿ," ಎಂದರು. ಬರೆದೆ. "ಇನ್ನೊಂದು ಐತೇನು?" "ಇಲ್ರೀ." "ಮುಚ್ಚಿಟ್ಟದ್ದು ಹೆಂಗರ ಸಿಗತೈತಿ. ನಿನಗ ಗೊತ್ತಿಲ್ಲದ್ದು ಇದ್ರ ಅದನ್ನ ಹುಡುಕೋದು ಕಠಿಣ," ಎಂದರು. ನನಗೆ ಸಿಟ್ಟು ಬಂತು. ನಾನು ಮಾಡುವ ಕೆಲಸ ನನಗೇ ಗೊತ್ತಿಲ್ಲವೆಂದರೆ ಏನು ಅರ್ಥ ಎಂದುಕೊಂಡೆ.

ಎರಡನೆಯ ಜಾಗಟೆ ಹದಿನೇಳು ದಿನ ಬಿಟ್ಟು ಆಯಿತು. ಎಡ ಹುರಿಯ ದಾರವಿತ್ತು. ಕಟ್ಟೆಯ ಮೇಲೆ ಕೂತವಳಿಗೆ ಒಳಗೆ ಮಗ್ಗದ ಬಡಿತ ನಿಂತದ್ದು, ದಾರ ಸರ್ರನೆ ಬಂದದ್ದು, ಅವನು ಕುಣಿಯಿಂದ ಮೇಲೆ ಹಾರಿದ್ದು ಎಲ್ಲ ಕೇಳಿತು. ಗೆದ್ದೆ ಎಂದುಕೊಂಡೇ ಏರಿಗೆ ಓಡಿದೆ. ಸಂಜೆ ಚನ್ನಬಸಯ್ಯನವರು ಬಾಗಿಲು ತೆರೆದಾಗ ಕುಣಿಯಿಂದ ಉಣ್ಣೆಯ ವಾಸನೆ ಹೊರಗೆ ಬಂತು. ಮೈಲಾರಿ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತ. ಅವನ ಟಗರು ಅಲ್ಲಿರಲಿಲ್ಲ. ಇದ್ದಿದ್ದರೂ ಅವನು ಅದಕ್ಕೆ ಏನೂ ಹೇಳುತ್ತಿರಲಿಲ್ಲವೆಂದು ಕಾಣುತ್ತದೆ.

ಉಳಿದದ್ದು ಒಂದೇ ಸಲ. ಊರಿನಲ್ಲಿ ಮಾತು ಹಬ್ಬಿತು. ಹಾಲವ್ವನ ಕೈಯಲ್ಲಿ ಏನೋ ಇದೆ, ಕಾಗದದಲ್ಲಿಲ್ಲ ಎಂದರು. ಕೆಂಚವ್ವ ಬಂದು, "ಅಷ್ಟಕ್ಕ ಬಿಟ್ಟುಬಿಡು ಅತ್ತಿಗಿ. ಮೂರನೇದ್ದೂ ಬಿದ್ರ ನಮ್ಮ ಏಳು ಮನಿಯವರೂ ಮಾಡೂ ಹಂಗಿಲ್ಲ. ಇದ್ದದ್ದರ ಇರಲಿ," ಎಂದಳು. ಅವಳು ಹೇಳಿದ್ದು ತಪ್ಪಲ್ಲ. ಆದರೆ ಕೆಳಗಿನ ಓಣಿಯಲ್ಲಿ ಹದಿನೈದು ಮಗ್ಗ. ಕಣ್ಣು ಮುಚ್ಚಿದರೆ ನನಗೆ ಆ ಹದಿನೈದು ಕುಣಿಗಳು ಕಾಣುತ್ತಿದ್ದವು, ಒಂದೊಂದರಲ್ಲೂ ಜಾಗಟೆ ಕೇಳಿಸದವರಂತೆ ನಾನೇ ಕೂತಿರುತ್ತಿದ್ದೆ. ಬಿಡುವುದಿಲ್ಲ ಎಂದೆ.

ದ್ಯಾಮಣ್ಣನನ್ನು ಎದುರಿಗೆ ಕೂರಿಸಿಕೊಂಡೆ. ನಾನು ಮಾಡುವುದನ್ನು ನೋಡಿ ಒಂದೊಂದೂ ಹೇಳಬೇಕು ಎಂದೆ. ಉಣ್ಣೆ ಹಿಂಜುತ್ತಾ ಎಂಟು ದಿನ ನೋಡಿದ. ಆ ನಡುವೆ ಎರಡು ಸಲ ಜಾಗಟೆಯಾಯಿತು, ಎರಡು ಸಲವೂ ನನ್ನ ಕಂಬಳಿ ಗೆರೆಗೆ ನಿಂತಿತು. "ಏನ್ ಕಂಡ್ರಿ?" ಎಂದು ಕೇಳಿದೆ.

"ಏನೂ ಕಾಣ್ಲಿಲ್ಲ. ದಾರ ಎಳದಿ, ಎದ್ದಿ. ಎಲ್ಲಾರೂ ಹೆಂಗ ಏಳ್ತಾರ ಹಂಗ ಎದ್ದಿ."

"ಎಲ್ಲಾರೂ ಅಂದ್ರ?"

"ಎಲ್ಲಾರೂ ಅಂದ್ರ ಎಲ್ಲಾರೂ. ನಮ್ಮವ್ವ, ಕೆಂಚಿ, ನೀನು."

ಆ ಮಾತು ಎರಡು ದಿನ ನನ್ನ ಹಿಂದೆ ತಿರುಗಿತು. ದ್ಯಾಮಣ್ಣ ಹುಟ್ಟಿ ಬೆಳೆದದ್ದು ಈ ಓಣಿಯಲ್ಲಿ. ಅವನು ಕಂಡ ಎಲ್ಲರೂ ಈ ಓಣಿಯವರೇ. ನಾನು ಹೇಳಿಕೊಟ್ಟು ಕಲಿತವರೂ ಈ ಓಣಿಯವರೇ. ಕೆಳಗಿನ ಓಣಿಯಲ್ಲಿ ಹೇಗೆ ಏಳುತ್ತಾರೆ ಎಂಬುದನ್ನು ನಾನು ನೋಡಿಯೇ ಇರಲಿಲ್ಲ. ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ.

ಮೂರನೆಯ ದಿನ ಗಂಜಿಗೆ ಹುಣಸೆಬೀಜ ಬೇಕೆಂಬ ನೆವ ಮಾಡಿಕೊಂಡು ಕೆಳಗಿನ ಓಣಿಗೆ ಹೋದೆ. ಮೈಲಾರಿಯ ತಾಯಿ ನೀಲಗಂಗವ್ವನ ಹತ್ತಿರ ಮಾತಾಡಬಾರದೆಂಬ ಕಟ್ಟಳೆಯೇನೂ ಇರಲಿಲ್ಲ. ಕಾಗದದ ವಿಷಯ ಎತ್ತಬಾರದು, ಅಷ್ಟೆ. ಅವಳು ಕುಣಿಯಲ್ಲಿ ಕೂತು ನೇಯುತ್ತಿದ್ದಳು. "ಬಾರವ್ವ. ನನ್ನ ಮಗನ ಎರಡು ಕಂಬಳಿ ಉಣ್ಣಿ ಮಾಡಿದಾಕಿಗೆ ಬೀಜ ಕೊಡೋದೋ ಬ್ಯಾಡೋ ವಿಚಾರ ಮಾಡಬೇಕಾಗೈತಿ," ಎಂದಳು, ನಗುತ್ತಲೇ. ಕೈ ನಿಲ್ಲಿಸಲಿಲ್ಲ. ಮಳೆ, ಮೇವು, ಸೊಂಟನೋವು ಮಾತಾಡಿದೆವು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಎಲ್ಲ ನಮ್ಮ ಹಾಗೆಯೇ. ಹಾಸು, ಹೊಕ್ಕಿನ ಎಳೆ ಹೊತ್ತು ಆಚೀಚೆ ಹೋಗುವ ಲಾಳಿ, ಬಡಿತ. ಅಷ್ಟರಲ್ಲಿ ಹಿತ್ತಲಲ್ಲಿ ಟಗರು ಹಗ್ಗ ಹರಿದುಕೊಂಡು ಬೀಜದ ಚೀಲಕ್ಕೆ ಬಾಯಿ ಹಾಕಿತು. ಅವಳು ಬೈಯುತ್ತಾ ಥಟ್ಟನೆ ಎದ್ದು ಓಡಿದಳು.

ಲಾಳಿ ಹಾಸಿನ ಎಳೆಗಳ ನಡುವೆ, ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತ್ತು.

ಎಂಜಲು ಕೈಯಲ್ಲಿ ಪಂಕ್ತಿಯಿಂದ ಎದ್ದು ಹೋದವರನ್ನು ಕಂಡ ಹಾಗಾಯಿತು ನನಗೆ. ನಾನು ಮದುವೆಯಾಗಿ ಬಂದ ಮೊದಲ ವಾರ, ಒಲೆಯ ಮೇಲಿನ ಹಾಲು ಉಕ್ಕಿತೆಂದು ಹಾಗೇ ಎದ್ದಾಗ ಅತ್ತೆ ಮಣಿಕಟ್ಟಿನ ಮೇಲೆ ಹೊಡೆದಿದ್ದಳು. ಹಾಲು ಹೋದರೆ ಹೋಗಲಿ, ಲಾಳಿ ಹೊರಗೆ ತೆಗೆದು ಕಲ್ಲಿನ ಮೇಲೆ ಇಟ್ಟು ಏಳು ಎಂದಿದ್ದಳು. ನಮ್ಮ ಓಣಿಯ ಪ್ರತಿ ಕುಣಿಯ ಬಲಕ್ಕೂ ಒಂದು ಚಪ್ಪಟೆ ಕಲ್ಲಿದೆ. ಲಾಳಿಗಲ್ಲು ಎನ್ನುತ್ತೇವೆ. ಮೂವತ್ತು ವರ್ಷದಿಂದ ಯಾವ ಕಾರಣಕ್ಕೆ ಎದ್ದರೂ ನನ್ನ ಬಲಗೈ ತಾನಾಗಿ ಆ ಕಲ್ಲಿಗೆ ಹೋಗಿ ಬಂದಿದೆ. ಅದು ನನ್ನ ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನೀಲಗಂಗವ್ವನ ಕುಣಿಯ ಬಲಕ್ಕೆ ನೋಡಿದೆ. ಬರಿ ನೆಲ.

ಅವಳು ಸೆರಗು ಕೊಡವುತ್ತಾ ಬಂದಳು. "ಲಾಳಿ ಹಂಗ ಬಿಟ್ಟು ಎದ್ರಲ್ಲ," ಎಂದೆ.

"ಬಿಡದ ಇನ್ನೇನು ಸೊಂಟಕ್ಕ ಸಿಗಸ್ಕೊಂಡು ಹೋಗ್ಲೇನು?" ಎಂದಳು. ಬೀಜ ಕೊಟ್ಟಳು. ಟಗರು ಉಳಿಸಿದಷ್ಟು.

ಹಾಗೆಂದು ಮನೆಗೆ ಬಂದವಳೇ ಬರೆಯಲಿಲ್ಲ. ಎಡ ಹುರಿಯನ್ನೇ ಕಾರಣವೆಂದು ನಂಬಿ ಒಂದು ಸಲ ಕೆಟ್ಟಿದ್ದೆ. ನನ್ನ ಮಗ್ಗದ ಮೇಲೆ ಇಪ್ಪತ್ಮೂರು ದಿನದ ಕಂಬಳಿಯಿತ್ತು. ಜಾಗಟೆಗೆ ಕಾದೆ. ಆದಾಗ ಲಾಳಿಯನ್ನು ಎಳೆಗಳ ನಡುವೆಯೇ ಬಿಟ್ಟು ಏಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ. ಜಾಗಟೆ ಆಯಿತು. ಕೈ ಒಪ್ಪಲಿಲ್ಲ, ಲಾಳಿಯನ್ನು ಹಿಡಿದೇ ಇತ್ತು. ಬಲಗೈಯನ್ನು ಎಡಗೈಯಿಂದ ಬಿಡಿಸಿಕೊಂಡು, ದಾರ ಎಳೆದು ಎದ್ದೆ. ಬಾಗಿಲು ದಾಟುವ ಮೊದಲೇ ಹಿಂದೆ ಉಣ್ಣೆ ಜಾರುವ ಸದ್ದು ಕೇಳಿತು. ದ್ಯಾಮಣ್ಣ ಕೂತಲ್ಲಿಂದಲೇ, "ಹೋತು," ಎಂದ. "ಹೋಗ್ಲಿ," ಎಂದೆ. ಅಷ್ಟು ಸಮಾಧಾನದಿಂದ ಏರಿಗೆ ಓಡಿದ ದಿನ ಬೇರೆ ಇರಲಿಲ್ಲ.

ಮೂರನೆಯ ಕಾಗದ ಬರೆಯಲು ಹನ್ನೆರಡು ದಿನ ಹಿಡಿಯಿತು. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ನಾನು. ಕುಣಿಗೆ ಇಳಿಯುವುದರಿಂದ ಹಿಡಿದು ಬರೆದೆ. ಕುಣಿಯ ಬಲಕ್ಕೆ ಗೇಣಗಲದ ಚಪ್ಪಟೆ ಕಲ್ಲು ಇಟ್ಟುಕೊಳ್ಳಬೇಕು. ಜಾಗಟೆ ಕೇಳಿದ ಕೂಡಲೇ ಲಾಳಿಯನ್ನು ಹೊರಗೆ ತೆಗೆದು ಆ ಕಲ್ಲಿನ ಮೇಲೆ ಇಡಬೇಕು. ಆಮೇಲೆ ದಾರ ಎಳೆಯಬೇಕು. ದಾರ ಮೊದಲು ಎಳೆಯಬಾರದು. ಚನ್ನಬಸಯ್ಯನವರು ಅಲ್ಲಿ ಬೆರಳಿಟ್ಟರು. "ಲಾಳಿ ನಡು ದಾರ್ಯಾಗ ಇದ್ದಾಗ ಜಾಗಟಿ ಆತು ಅನ್ನು. ಯಾ ಕಡೆ ತಗೀಬೇಕು? ಬಂದ ಕಡೆಗೋ, ಹೊಂಟ ಕಡೆಗೋ?"

ನಾನು ಕಣ್ಣು ಮುಚ್ಚಿ ಕೈಯನ್ನು ಗಾಳಿಯಲ್ಲಿ ಆಡಿಸಿ ನೋಡಿದೆ. ಕೈ ಎರಡೂ ಮಾಡುತ್ತಿತ್ತು. "ಎಳಿ ಊಹೆದಾದ್ರ ಬಂದ ಕಡೆಗೇ ಹಿಂದಕ್ಕ. ಹೇಳಿದ್ದು ನೇಯಾಕತ್ತಿದ್ರ ಆ ಎಳಿ ಮುಗಿಸಿ, ಆ ಕಡೆಗೆ ಹೊರಗ," ಎಂದೆ.

"ಬರಿ." ಬರೆದೆ. "ದಾರ ಎಳಿಯೂ ಮುಂದ ಇನ್ನೊಂದು ಜಾಗಟಿ ಆದ್ರ?" ಎಂದು ಕೇಳಿದರು. ಎಂಟು ವರ್ಷಕ್ಕೊಮ್ಮೆ ನೀರು ತೀರಾ ಮೇಲೆ ಬಂದಾಗ ಎರಡು ಸಲ ಬಾರಿಸಿದ್ದುಂಟು. ನಾನು ಅದನ್ನು ಮಾಡಿ ನೋಡಿರಲಿಲ್ಲ. ಹಿಂದಿನ ಹಾಲವ್ವನಾಗಿದ್ದರೆ ಅದಕ್ಕೂ ಆಗುತ್ತದೆ ಎನ್ನುತ್ತಿದ್ದಳು. "ಗೊತ್ತಿಲ್ರೀ," ಎಂದೆ. "ಅದನ್ನೂ ಬರಿ," ಎಂದರು. ಕಾಗದದ ಕೊನೆಯ ಸಾಲು ಹೀಗೆ ಬಂತು: ಎರಡನೆಯ ಜಾಗಟೆ ಆದರೆ ಏನಾಗುತ್ತದೆ ನಾನು ಕಂಡಿಲ್ಲ, ಅದಕ್ಕೆ ಈ ಕಾಗದ ಸಲ್ಲದು.

ಮೈಲಾರಿ ಮೂರನೆಯ ಸಲ ಕೂತ. ಈ ಸಲದ ಕಂಬಳಿ ಅವನ ಸೋದರಮಾವನ ಮನೆಯವರದ್ದು, ಒಂಬತ್ತು ಪಟ್ಟಿಗೆ ಮಾತು ಬಂದಿತ್ತು, ತಿಂಗಳಿನ ದುಡಿಮೆ. ಬೇರೆ ಕಂಬಳಿ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಮಳೆಗಾಲ ಮುಗಿಯುತ್ತಾ ಬಂದಿತ್ತು. ಇಪ್ಪತ್ತು ದಿನ ಜಾಗಟೆಯಿಲ್ಲ. ನಾನು ದಿನವೂ ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದೆ. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಮೇಲಿನ ಗುಡ್ಡಗಳಲ್ಲಿ ಕಪ್ಪಾಯಿತು. ಒಂದು ತಾಸಿಗೆಲ್ಲ ಜಾಗಟೆ ಕೇಳಿತು.

ಒಳಗೆ ಬಡಿತ ನಿಂತಿತು. ನಾನು ಎದ್ದು ನಿಂತಿದ್ದೆ. ಕಾಲು ಬೀದಿಯ ಕಡೆಗಿತ್ತು, ಕಿವಿ ಕಿಟಕಿಯ ಕಡೆಗೆ. ಏನೂ ಕೇಳಲಿಲ್ಲ. ಅವನು ಲಾಳಿಯನ್ನು ಬಂದ ಕಡೆಗೋ ಹೊರಟ ಕಡೆಗೋ ಎಂದು ಯೋಚಿಸುತ್ತಿರಬೇಕು. ಆಮೇಲೆ ಟಕ್ ಎಂದು ಕಟ್ಟಿಗೆ ಕಲ್ಲಿಗೆ ತಾಗಿದ ಸದ್ದು. ಹಿಂದೆಯೇ ಸರ್ರನೆ ದಾರ. ಉಣ್ಣೆ ಉದುರಿದ ಸದ್ದು ಕೇಳಿತು. ಎಷ್ಟು ಉದುರಿತು, ಎಲ್ಲಿ ನಿಂತಿತು ಎಂದು ಕೇಳಲು ಇನ್ನೊಂದು ಗಳಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ತಕಲಿಯನ್ನು ಕಟ್ಟೆಯ ಮೇಲೆ ಇಟ್ಟು ಓಡಿದೆ. ಮೈಲಾರಿ ಹಿಂದಿನಿಂದ ಬಂದು ನನ್ನನ್ನು ದಾಟಿ ಹೋದ. ಅವನೂ ತಿರುಗಿ ನೋಡಲಿಲ್ಲ.

ಏರಿಯ ಮೇಲೆ ಅಂದು ಇಪ್ಪತ್ತೆಂಟು ಮಂದಿಯಿದ್ದೆವು. ಕೆಳಗಿನ ಓಣಿಯ ಮಗ್ಗದವರಲ್ಲಿ ಬಂದವನು ಮೈಲಾರಿಯೊಬ್ಬನೇ. ಸಾಲು ನಿಂತು ಮಣ್ಣಿನ ಬುಟ್ಟಿ ದಾಟಿಸುವಾಗ ಅವನು ನನ್ನ ಪಕ್ಕದವನಾದ. ಅವನು ಕೊಟ್ಟ ಬುಟ್ಟಿಯನ್ನು ನಾನು ಮುಂದಿನವರಿಗೆ ಕೊಡುತ್ತಿದ್ದೆ. ಸಂಜೆಯವರೆಗೆ ಅಷ್ಟು ಬುಟ್ಟಿ ಕೈಯಿಂದ ಕೈಗೆ ಹೋದವು, ಒಂದು ಮಾತೂ ಹೋಗಲಿಲ್ಲ.

ನೀರು ಇಳಿದ ಮೇಲೆ ಎಲ್ಲರೂ ಚಾವಡಿಯ ಮುಂದೆ ಬಂದು ನಿಂತರು. ಪಡುವಣದಲ್ಲಿ ಮೋಡ ಸೀಳಿ ಕೆಂಪು ಬಿಸಿಲು ಬಂದಿತ್ತು. ಚನ್ನಬಸಯ್ಯನವರು ಒಳಕೋಣೆಯ ಪಡುವಣ ಬಾಗಿಲನ್ನು ಪೂರ್ತಿ ತೆರೆದರು. ಬಿಸಿಲು ಮಗ್ಗದ ಮೇಲೆ ಓರೆಯಾಗಿ ಬಿದ್ದು ಎದುರು ಗೋಡೆಯ ಮೇಲೆ ಕಂಬಳಿಯ ನೆರಳು ಮೂಡಿತು. ಅವರು ಗೋಡೆಗೆ ಮುಖ ಹತ್ತಿರ ತಂದು, ಬಣ್ಣ ಬದಲಾದಲ್ಲೆಲ್ಲ ಅಂಚಿಗೆ ಚಾಚಿದ್ದ ಎಳೆತುದಿಗಳ ನೆರಳಿಗೆ ಬೆರಳಿಟ್ಟು ಪಟ್ಟಿ ಎಣಿಸಿದರು. ಒಂಬತ್ತು. ನೆರಳಿನ ಕೊನೆ ಚಾಕುವಿನಿಂದ ಕೊಯ್ದಂತೆ ನೆಟ್ಟಗಿತ್ತು. ಊಹೆಯ ಉಣ್ಣೆ ಕುಣಿಯಲ್ಲಿ ಒಂದು ಹಿಡಿಯಷ್ಟು ಬಿದ್ದಿತ್ತು. ಲಾಳಿ ಕಲ್ಲಿನ ಮೇಲಿತ್ತು.

ಅವರು ಕಾಗದಕ್ಕೆ ಮುದ್ರೆ ಒತ್ತುವವರೆಗೂ ಮೈಲಾರಿ ಕಾದ. ಒತ್ತಿದ ಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ಇನ್ನ ಮಾತಾಡಬಹುದಲ್ಲ. ನಮ್ಮ ಟಗರಿಗೆ ನನ್ನ ಮಾತು ಕೇಳಿ ಕೇಳಿ ಸಾಕಾಗೈತಿ," ಎಂದ. ನಾನು ಅವನ ಕೈ ಹಿಡಿದುಕೊಂಡೆ. ಇಬ್ಬರ ಕೈಯಲ್ಲೂ ಕೆರೆಯ ಮಣ್ಣಿತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ಕಾಗದ ಚಾವಡಿಯ ಗೋಡೆಯ ಮೇಲಿತ್ತು, ಬಳಸುವವರೆಲ್ಲ ಒಂದೊಂದು ದಿನ ಬಂದು ಉಣ್ಣೆ ಹಿಂಜಿ ಕೊಟ್ಟು ಹೋಗಿದ್ದರು. ದ್ಯಾಮಣ್ಣನಿಗೆ ಹಿಂಜಲು ಕೆಲಸವೇ ಉಳಿದಿರಲಿಲ್ಲ. ಅದೇ ಅವನ ದೂರು. ಮೊದಲ ಜಾಗಟೆಯಾದ ದಿನ ಏರಿಯ ಮೇಲೆ ಹಗ್ಗಕ್ಕೆ ಕೈ ಸಾಲದೆ ಹೋಗಲಿಲ್ಲ, ಕೈಗಳಿಗೇ ಹಗ್ಗ ಸಾಲದೆ ಹೋಯಿತು. ಸಂಜೆ ಬಂದಾಗ ಅವನು ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ.

"ಇಲ್ಲೇ ಕುಂತು ಕೇಳಿದೆ," ಎಂದ. "ಜಾಗಟಿ ಆತು. ಮೊದಲ ನಮ್ಮ ಓಣ್ಯಾಗ ಟಕ್ ಟಕ್ ಅಂದ್ವು, ಆಮ್ಯಾಲ ಕೆಳಗಿನ ಓಣ್ಯಾಗ. ಆಮ್ಯಾಲ ಎಲ್ಲಾರ ಕಾಲು. ಇಷ್ಟು ಮಂದಿ ಎದ್ದದ್ದು ನಾ ಕೇಳಿದ್ದಿಲ್ಲ."

ನಾನು ಕಾಲು ತೊಳೆಯುತ್ತಿದ್ದೆ. ಅವನು ಬೆರಳು ಮಡಿಚಿ ಎಣಿಸುತ್ತಾ ಮತ್ತೆ ಹೇಳಿದ. "ಕೆಳಗಿನ ಓಣ್ಯಾಗ ಹದಿನಾಲ್ಕು ಕೇಳಿದ್ವು. ಮಗ್ಗ ಹದಿನೈದು ಅದಾವು."

ಮರುದಿನ ಬೆಳಗ್ಗೆ ಹಳ್ಳಕ್ಕೆ ಇಳಿದು ಗೇಣಗಲದ ಚಪ್ಪಟೆ ಕಲ್ಲೊಂದನ್ನು ಆರಿಸಿ ತೊಳೆದೆ. ಅದನ್ನು ಸೆರಗಿನಲ್ಲಿ ಹೊತ್ತು, ಆ ಹದಿನೈದನೆಯ ಮನೆ ಯಾವುದೆಂದು ಕೇಳುತ್ತಾ ಕೆಳಗಿನ ಓಣಿಗೆ ಹೋದೆ.